ತೊಳೆಯುವವರು ಸಿಕ್ಕರೆ ಸ್ಟೀಲ್ ತಟ್ಟೆ: ನಮ್ಮ ಪುರಸಭೆಯ ಪಾತ್ರೆ ಭಂಡಾರವನ್ನು ಬಳಸಿ ನೋಡಿದ ಮೇಲೆ

ಕಳೆದ ಶ್ರಾವಣದಲ್ಲಿ ಮಾವನವರ ಸಹಸ್ರಚಂದ್ರ ದರ್ಶನ ಶಾಂತಿಯನ್ನು ಮನೆಯಂಗಳದಲ್ಲಿಯೇ ಮಾಡುವುದೆಂದು ನಿಶ್ಚಯವಾದಾಗ ಎಲ್ಲಕ್ಕಿಂತ ಮೊದಲು ಎದ್ದ ಪ್ರಶ್ನೆ ಊಟವಾದ ಮೇಲಿನದು. ಮೂರು ವರ್ಷದ ಹಿಂದೆ ಮೊಮ್ಮಗುವಿನ ನಾಮಕರಣ ಮುಗಿದ ಸಂಜೆ ಹಿತ್ತಲಿನಲ್ಲಿ ಒಂಬತ್ತು ಗೋಣಿಚೀಲಗಳಷ್ಟು ತಟ್ಟೆ, ಲೋಟ, ಪಾಯಸದ ಕಪ್ಪು, ಐಸ್‌ಕ್ರೀಮಿನ ಚಮಚ ಬಿದ್ದಿದ್ದವು. ಎಂಜಲು ಬೆರೆತಿದ್ದರಿಂದ ಕಸದ ಆಟೊದವರು ಅದನ್ನು ಒಣಕಸವೆಂದು ತೆಗೆದುಕೊಳ್ಳಲಿಲ್ಲ, ಪ್ಲಾಸ್ಟಿಕ್ ಬೆರೆತಿದ್ದರಿಂದ ಹಸಿಕಸವೆಂದೂ ತೆಗೆದುಕೊಳ್ಳಲಿಲ್ಲ; ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ ಒಣಗಿದ್ದೆಲ್ಲವೂ ವಾರಗಟ್ಟಲೆ ನಮ್ಮ ಬಚ್ಚಲ ಒಲೆಗೆ ಹೋಯಿತು, ಆ ಹೊಗೆಯನ್ನು ಮನೆಯವರೆಲ್ಲ ಕುಡಿದೆವು. ಮಲೆನಾಡಿನ ಅರ್ಧ ಪ್ಲಾಸ್ಟಿಕ್ ಹೋಗಿ ಸೇರುವುದು ಬಚ್ಚಲ ಒಲೆಯನ್ನೇ ಎಂದು ನನಗೆ ಅನುಮಾನವಿದೆ, ಆದರೆ ಅದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಈ ಬಾರಿ ಹಾಗಾಗಬಾರದೆಂದು ಪುರಸಭೆಯ ಪಾತ್ರೆ ಭಂಡಾರದಿಂದ ಪಾತ್ರೆಗಳನ್ನು ತರಿಸಿದೆವು. ಊರು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮುಂದೆ ಕೆಲವು ದೂರುಗಳನ್ನೂ ಹೇಳಬೇಕಾಗಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ, ಇಂತಹ ವ್ಯವಸ್ಥೆಯ ಗುಣದೋಷಗಳನ್ನು ತಿಳಿಯಲು ಊರಿನ ಹೆಸರು ಅಗತ್ಯವೂ ಅಲ್ಲ.

ಭಂಡಾರವೆಂದರೆ ಸಂತೆ ಮಾಳದ ಪಕ್ಕದಲ್ಲಿರುವ ಪುರಸಭೆಯ ಹಳೆಯ ಮಳಿಗೆಗಳಲ್ಲಿ ಎರಡು. ಪಾತ್ರೆಗಳನ್ನು ಕೊಂಡದ್ದು ಪುರಸಭೆ, ನಡೆಸುತ್ತಿರುವುದು ಮಹಿಳೆಯರ ಒಂದು ಸ್ವಸಹಾಯ ಸಂಘ. ಒಟ್ಟು 500 ಸೆಟ್ಟುಗಳಿವೆ, ಒಂದು ಸೆಟ್ಟೆಂದರೆ ಅಂಚು ಎತ್ತರವಿರುವ ಒಂದು ಊಟದ ತಟ್ಟೆ, ಒಂದು ಲೋಟ, ಒಂದು ಬಟ್ಟಲು ಮತ್ತು ಒಂದು ಚಮಚ. ಇದಲ್ಲದೆ ನಲ್ಲಿಯಿರುವ ನಾಲ್ಕು ಸ್ಟೀಲಿನ ನೀರಿನ ಡ್ರಮ್ಮುಗಳು, ಹತ್ತು ಜಗ್ಗುಗಳು ಮತ್ತು ಬಡಿಸಲು ಬೇಕಾಗುವ ಬಕೆಟ್ಟು, ಸೌಟುಗಳು ಸಿಗುತ್ತವೆ. ನಾವೇ ತೊಳೆದು ಹಿಂದಿರುಗಿಸುವುದಾದರೆ ಸೆಟ್ಟಿಗೆ 4 ರೂಪಾಯಿ, ಸಂಘದವರು ಮನೆಗೆ ಬಂದು ತೊಳೆದುಕೊಳ್ಳುವುದಾದರೆ 7 ರೂಪಾಯಿ, ಅದೇ ದಿನ ಎರಡನೆಯ ಸಲ ಬಳಸಿದರೆ ಮತ್ತೆ 2 ರೂಪಾಯಿ. ಠೇವಣಿ 3,000 ರೂಪಾಯಿ. 280 ಜನರ ಅಂದಾಜಿಗೆ 300 ಸೆಟ್ಟು ತರಿಸಿ, ಬೆಳಗಿನ ತಿಂಡಿಗೆ ಪೂರ್ತಿ ಸೆಟ್ಟನ್ನೂ ಮಧ್ಯಾಹ್ನದ ಬಾಳೆಲೆ ಊಟಕ್ಕೆ ಲೋಟ ಮತ್ತು ಬಟ್ಟಲನ್ನೂ ಬಳಸಿ, ಬಾಡಿಗೆಯೆಂದು ನಾವು ಕೊಟ್ಟದ್ದು 2,700 ರೂಪಾಯಿ. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಬಿಸಾಡುವ ತಟ್ಟೆ, ಲೋಟ, ಕಪ್ಪು ಮತ್ತು ಸಣ್ಣ ನೀರಿನ ಬಾಟಲಿಗಳಿಗೆ ಹೇಳಿದ ಬೆಲೆ 3,600 ರೂಪಾಯಿಯಾಗಿತ್ತು. ಹಣದ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ.

ಸೇವೆಯ ವಿಷಯ ನನಗೆ ತಿಳಿದದ್ದೇ ಒಂದು ಕಾನೂನಿನ ಮೂಲಕ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ನಡೆಸುವವರು ಕನಿಷ್ಠ ಮೂರು ಕೆಲಸದ ದಿನಗಳ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕಿತ್ತು ಮತ್ತು ಅಲ್ಲಿಯೇ ಕಸವನ್ನು ವಿಂಗಡಿಸಿ ಕೊಡಬೇಕಿತ್ತು. ಕಲ್ಯಾಣ ಮಂಟಪಕ್ಕೆ ಹೋಗದೆ ಅಂಗಳದಲ್ಲಿ ಶಾಮಿಯಾನ ಹಾಕಿಸುವ ನಮ್ಮಂತಹವರಿಗೆಲ್ಲ ಇದು ಅನ್ವಯಿಸುತ್ತಿತ್ತು, ಆದರೆ ಇಂತಹದೊಂದು ನಿಯಮವಿದೆಯೆಂದು ತಿಳಿದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ನಾನು ಅರ್ಜಿ ಹಿಡಿದು ಹೋದಾಗ ಕಚೇರಿಯ ಕಿಟಕಿಯಲ್ಲಿ ಕುಳಿತವರೂ ಎರಡು ಸಲ ಓದಿ, "ಇದಕ್ಕೆ ಅರ್ಜಿ ಯಾಕೆ ಬೇಕು ಮೇಡಂ, ಮೈಕಿಗಾದರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ" ಎಂದು ದಾರಿ ತೋರಿಸಿದರು. ಆರೋಗ್ಯ ನಿರೀಕ್ಷಕರು ಬಂದ ಮೇಲೆ ವಿಷಯ ಸರಿಹೋಯಿತು. ಅವರೇ ಭಂಡಾರದ ಫೋನ್ ನಂಬರನ್ನು ಅರ್ಜಿಯ ಹಿಂಬದಿಯಲ್ಲಿ ಬರೆದುಕೊಟ್ಟರು. ಸಮಾರಂಭದ ಮಾಹಿತಿ ಪುರಸಭೆಗೆ ಮೊದಲೇ ಸಿಗುವ ಜಾಗದಲ್ಲಿಯೇ ಪಾತ್ರೆಯ ವಿಷಯವನ್ನೂ ಹೇಳುವುದು ಬಹಳ ಒಳ್ಳೆಯ ಏರ್ಪಾಡು, ಅದು ಒಬ್ಬ ಅಧಿಕಾರಿಯ ನೆನಪಿನ ಮೇಲೆ ನಿಲ್ಲದೆ ಅರ್ಜಿಯ ನಮೂನೆಯಲ್ಲಿಯೇ ಅಚ್ಚಾಗಿರಬೇಕಿತ್ತು.

ಹಿಂದಿನ ದಿನ ಸಂಜೆ ಒಂದು ಆಟೊದಲ್ಲಿ ಪಾತ್ರೆಗಳು ಬಂದವು. ತಟ್ಟೆಗಳನ್ನು ಇಪ್ಪತ್ತೈದರಂತೆ ಗೋಣಿಯಲ್ಲಿ ಕಟ್ಟಿದ್ದರು. ತಟ್ಟೆ ಕೈಯಲ್ಲಿ ಹಿಡಿದಾಗ ಬಾಗದಷ್ಟು ದಪ್ಪವಾಗಿದೆ, ನಿಂತು ತಿನ್ನುವವರಿಗೆ ಇದು ಮುಖ್ಯ. ಬಾಡಿಗೆ ಅಂಗಡಿಗಳ ತೆಳ್ಳನೆಯ ತಟ್ಟೆಯಲ್ಲಿ ಎರಡು ಇಡ್ಲಿಗೆ ಸಾಂಬಾರು ಹಾಕಿಸಿಕೊಂಡರೆ ನಡುವೆ ಮಡಚಿಕೊಂಡಂತಾಗಿ ಸಾಂಬಾರು ಮೊಣಕೈಗೆ ಇಳಿಯುತ್ತದೆ. ಪ್ರತಿಯೊಂದರ ಅಂಚಿನಲ್ಲಿಯೂ ಪುರಸಭೆಯ ಹೆಸರಿನ ಮೊದಲ ಅಕ್ಷರವನ್ನೂ ಒಂದು ಸಂಖ್ಯೆಯನ್ನೂ ಚುಕ್ಕಿಚುಕ್ಕಿಯಾಗಿ ಹೊಡೆಸಿದ್ದಾರೆ. ನಮ್ಮ ಅಟ್ಟದ ಮೇಲಿರುವ ಕೊಳದಪ್ಪಲೆಯ ಕಂಠದ ಮೇಲೆ ಅಜ್ಜಿಯ ಹೆಸರನ್ನೂ ಮದುವೆಯ ತಾರೀಕನ್ನೂ ಹೊಡೆಸಿರುವುದು ಇದೇ ರೀತಿಯಲ್ಲಿ. ದೇವಸ್ಥಾನದ ಉಗ್ರಾಣದಿಂದ ಊರೊಟ್ಟಿನ ಪಾತ್ರೆಗಳನ್ನು ತಂದು, ಮದುವೆ ಮುಗಿಸಿ, ಎಣಿಸಿ ಹಿಂದಿರುಗಿಸುತ್ತಿದ್ದ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇತ್ತು. ಪುರಸಭೆ ಮಾಡಿರುವುದು ಆ ಉಗ್ರಾಣವನ್ನು ಪೇಟೆಗೆ ತಂದು, ಜಾತಿ ಗೋತ್ರ ಕೇಳದೆ ಯಾರಿಗಾದರೂ ಕೊಡುವ ಕೆಲಸ. ಅದು ಸಣ್ಣ ಸುಧಾರಣೆಯಲ್ಲ.

ಮೊದಲ ದೂರು ಇಲ್ಲಿಯೇ ಬರುತ್ತದೆ. ಗೋಣಿ ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ ಬಂತು. ಹಿಂದಿನ ಸಮಾರಂಭದಿಂದ ಬಂದ ತಟ್ಟೆಗಳನ್ನು ಪೂರ್ತಿ ಆರುವ ಮೊದಲೇ ಒಂದರೊಳಗೊಂದು ಕೂರಿಸಿ ಕಟ್ಟಿದ್ದರು. ಶ್ರಾವಣದ ಮಳೆಯಲ್ಲಿ ನಮ್ಮ ಕಡೆ ಬಟ್ಟೆಯೇ ನಾಲ್ಕು ದಿನ ಆರುವುದಿಲ್ಲ, ಇನ್ನು ಗಾಳಿಯಾಡದ ಮಳಿಗೆಯಲ್ಲಿ ತಟ್ಟೆ ಆರುವುದೆಲ್ಲಿ? ಅರುವತ್ತರಷ್ಟು ತಟ್ಟೆಗಳ ತಳದಲ್ಲಿ ನೀರಿನ ಬಿಳಿ ಕಲೆ ಇತ್ತು. ರಾತ್ರಿ ಹತ್ತು ಗಂಟೆಯವರೆಗೆ ಕೂತು, ಬಿಸಿನೀರಿಗೆ ಹುಣಸೆಹಣ್ಣಿನ ಕಿವುಚು ಹಾಕಿ ಅಷ್ಟನ್ನೂ ನಾವೇ ಮತ್ತೊಮ್ಮೆ ಬೆಳಗಿದೆವು. ಮರುದಿನ ಸಂಘದವರಿಗೆ ಹೇಳಿದಾಗ ಅವರು ವಾದ ಮಾಡಲಿಲ್ಲ; ಒರೆಸಲು ಬಟ್ಟೆಗಳಿವೆ, ಆದರೆ ಒಣಗಿಸಲು ಕಂಬಿಯ ಸ್ಟ್ಯಾಂಡನ್ನು ಕೇಳಿ ವರ್ಷವಾಯಿತು ಎಂದರು. ಐನೂರು ಸೆಟ್ಟು ಕೊಳ್ಳಲು ಹಣ ಮಂಜೂರು ಮಾಡಿದವರಿಗೆ ಅದು ಒದ್ದೆಯಾಗುತ್ತದೆಂಬ ಸಂಗತಿ ಹೊಳೆಯದೆ ಹೋದದ್ದು ಸೋಜಿಗ.

ಸಮಾರಂಭದ ದಿನ ಬೆಳಗ್ಗೆ ಏಳೂವರೆಗೆ ಮೂವರು ಹೆಂಗಸರು ಬಂದು, ಹಿತ್ತಲಿನ ಬಾವಿಕಟ್ಟೆಯ ಬಳಿ ತಮ್ಮ ವ್ಯವಸ್ಥೆಯನ್ನು ಹೂಡಿಕೊಂಡರು. ಅದನ್ನು ನೋಡುತ್ತ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ತಟ್ಟೆ ಇಡುವ ಮೇಜಿನ ಪಕ್ಕದಲ್ಲಿ ಒಂದು ಬಕೆಟ್ಟು, ಅದರ ಬಾಯಿಗೆ ತೆಂಗಿನಗರಿಯ ಕಡ್ಡಿಯ ಚಿಕ್ಕ ಪೊರಕೆ ಕಟ್ಟಿದೆ; ತಿಂದವರು ಉಳಿದದ್ದನ್ನು ತಾವೇ ಬಕೆಟ್ಟಿಗೆ ಬಳಿದು ತಟ್ಟೆಯನ್ನು ಜೋಡಿಸಬೇಕು. ಅಲ್ಲಿಂದ ಮುಂದೆ ಮೂರು ದೊಡ್ಡ ಟಬ್ಬುಗಳು. ಮೊದಲನೆಯದರಲ್ಲಿ ಬರೇ ನೀರಿಗೆ ಅದ್ದಿ ಮುಸುರೆ ಬಿಡಿಸುವುದು, ಎರಡನೆಯದರಲ್ಲಿ ಸೋಪಿನ ನೀರು ಮತ್ತು ನಾರು, ಮೂರನೆಯದರಲ್ಲಿ ಶುದ್ಧ ನೀರು, ಕೊನೆಗೆ ಹಂಡೆಯಿಂದ ತೋಡಿದ ಬಿಸಿನೀರನ್ನು ಮೇಲಿನಿಂದ ಸುರಿದು ಬೆಂಚಿನ ಮೇಲೆ ಓರೆಯಾಗಿ ನಿಲ್ಲಿಸುವುದು. ಮೊದಲ ಟಬ್ಬಿನ ನೀರನ್ನು ಚೆಲ್ಲದೆ ನೆರೆಮನೆಯ ಎಮ್ಮೆಗಳಿಗೆ ಕಲಗಚ್ಚಿಗೆ ಕಳುಹಿಸಿದರು. ನಲ್ಲಿಯನ್ನು ಬಿಟ್ಟುಕೊಂಡು ತೊಳೆದರೆ ಆಗುತ್ತಿದ್ದ ನೀರಿನ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. "ತೊಳೆಯಲು ಎಷ್ಟೊಂದು ನೀರು ಬೇಕಲ್ಲ, ಅದೂ ಪರಿಸರ ಹಾನಿಯೇ ಅಲ್ಲವೇ" ಎಂದು ವಾದಿಸುವ ಬೆಂಗಳೂರಿನ ನೆಂಟರನ್ನು ಕರೆದುಕೊಂಡು ಹೋಗಿ ಆ ಟಬ್ಬುಗಳ ಎದುರು ನಿಲ್ಲಿಸಿದೆ.

ತಿಂಡಿ ಮುಗಿದ ಮೇಲೆ ಎಣಿಸಿದಾಗ ತಟ್ಟೆ, ಲೋಟ, ಬಟ್ಟಲುಗಳ ಲೆಕ್ಕ ಸರಿಯಾಗಿತ್ತು, ಚಮಚಗಳಲ್ಲಿ 14 ಇರಲಿಲ್ಲ. ಆಗ ಆ ಮೂವರಲ್ಲಿ ಹಿರಿಯರೊಬ್ಬರು ತಮ್ಮ ಚೀಲದಿಂದ ಹಳೆಯ ಧ್ವನಿವರ್ಧಕದಿಂದ ಕಳಚಿದ, ಬಳೆಯಷ್ಟು ಅಗಲದ ಆಯಸ್ಕಾಂತವೊಂದನ್ನು ತೆಗೆದರು. ಅದಕ್ಕೆ ಹಗ್ಗ ಕಟ್ಟಿತ್ತು. ಎಂಜಲಿನ ಬಕೆಟ್ಟಿಗೆ ಅದನ್ನು ಇಳಿಬಿಟ್ಟು, ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಲ್ಲಿ ಹುಡುಕುವಂತೆ ನಿಧಾನವಾಗಿ ತಿರುವಿದರು. ಕೇಸರಿಬಾತಿನ ಜಿಡ್ಡು ಮೆತ್ತಿಕೊಂಡು, ಒಂದಕ್ಕೊಂದು ಅಂಟಿಕೊಂಡು ಒಂಬತ್ತು ಚಮಚಗಳು ಮೇಲೆ ಬಂದವು. ತಟ್ಟೆಗೆ ಈ ಆಯಸ್ಕಾಂತ ಅಂಟುವುದಿಲ್ಲ, ಚಮಚಕ್ಕೆ ಅಂಟುತ್ತದೆ. ಎರಡರ ಸ್ಟೀಲು ಬೇರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಚಮಚಗಳು ಕಳೆದು ದಂಡ ಕಟ್ಟಿದ ಅನುಭವವೇ ಕಲಿಸಿತ್ತು. ಉಳಿದ ಐದಕ್ಕೆ ತಲಾ 15ರಂತೆ 75 ರೂಪಾಯಿಯನ್ನು ನಾವು ಕಟ್ಟಿದೆವು.

ಈ ಸೇವೆಯ ಪ್ರಾಣವಿರುವುದು ಆ ಮೂವರ ಕೈಯಲ್ಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸ್ಟೀಲ್ ತಟ್ಟೆ ಎಲ್ಲ ಊರಿನ ಶಾಮಿಯಾನದ ಅಂಗಡಿಗಳಲ್ಲಿಯೂ ಮೊದಲಿನಿಂದ ಬಾಡಿಗೆಗೆ ಸಿಗುತ್ತಿತ್ತು, ಆದರೂ ಜನ ಬಿಸಾಡುವ ತಟ್ಟೆಗೆ ಹೋದರು. ಒಟ್ಟು ಕುಟುಂಬದಲ್ಲಿ ಸೊಸೆಯಂದಿರೂ ನೆರೆಹೊರೆಯ ಹೆಂಗಸರೂ ಕೂಲಿಗೆ ಬರುತ್ತಿದ್ದವರೂ ಸದ್ದಿಲ್ಲದೆ ಮಾಡುತ್ತಿದ್ದ ಮುಸುರೆಯ ಕೆಲಸ ಯಾರಿಗೂ ಬೇಡವಾದ ಹೊತ್ತಿನಲ್ಲಿ ಆ ಕೆಲಸವನ್ನೇ ಇಲ್ಲವಾಗಿಸುವ ವಸ್ತುವೊಂದು ಅಂಗಡಿಗೆ ಬಂತು. ಬೇಡವೆನಿಸಿದ್ದರಲ್ಲಿ ಆ ಹೆಂಗಸರ ತಪ್ಪಿಲ್ಲ. ನಾನೇ ಮದುವೆಯಾಗಿ ಬಂದ ವರ್ಷ ಇದೇ ಬಾವಿಕಟ್ಟೆಯಲ್ಲಿ ಮೈದುನನ ಮುಂಜಿಯ ಪಾತ್ರೆಗಳನ್ನು ನಡುರಾತ್ರಿಯವರೆಗೆ ತಿಕ್ಕಿದ್ದೇನೆ, ಆಗ ಯಾರಾದರೂ ಪೇಪರ್ ತಟ್ಟೆ ತಂದುಕೊಟ್ಟಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಆದ್ದರಿಂದ ಏಕಬಳಕೆಯ ವಸ್ತುವನ್ನು ತೆಗೆಯುವವರು ಆ ತೊಳೆಯುವ ಕೆಲಸಕ್ಕೆ ಬೆಲೆ ಕಟ್ಟಿ, ಅದನ್ನು ಮಾಡುವವರನ್ನು ಮುಂದೆ ತಂದು ನಿಲ್ಲಿಸಬೇಕಾಗುತ್ತದೆ. ನಮ್ಮ ಪುರಸಭೆ 4 ರೂಪಾಯಿಯ ದರದ ಪಕ್ಕದಲ್ಲಿ 7 ರೂಪಾಯಿಯ ದರವನ್ನು ಇಟ್ಟದ್ದೇ ಅದರ ಜಾಣತನ. ಆ 7ರಲ್ಲಿ 3 ರೂಪಾಯಿಯೂ ಎರಡನೆಯ ಬಳಕೆಯ 2 ರೂಪಾಯಿಯೂ ತೊಳೆಯುವವರಿಗೆ ಹೋಗುತ್ತದೆ. ಅಂದು ನಮ್ಮಲ್ಲಿಗೆ ಬಂದವರಿಗೆ ಸಿಕ್ಕಿದ್ದು ತಲಾ 500 ರೂಪಾಯಿ. ಬೆಳಗಿನಿಂದ ಸಂಜೆ ಐದರವರೆಗೆ ನೀರಿನಲ್ಲಿ ಕೈಯಿಟ್ಟವರಿಗೆ ಇದು ಕಡಿಮೆ ಎಂದು ನನಗೆ ಅನ್ನಿಸಿತು, ಅವರಿಗೂ ಅನ್ನಿಸಿತ್ತು. "ಕೊನೆಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿಯೋಕೆ ಹೋದ್ರೆ ಇದಕ್ಕಿಂತ ಜಾಸ್ತಿ ಬರ್ತದಮ್ಮ, ಅಲ್ಲಿ ಕೂತ್ಕೊಂಡಾದ್ರೂ ಇರಬಹುದು" ಎಂದರು ಆಯಸ್ಕಾಂತದ ಹಿರಿಯರು.

ಇನ್ನು ನೀರಿನ ವಿಷಯ. ಡ್ರಮ್ಮು, ಜಗ್ಗು, ಲೋಟ ಎಲ್ಲವೂ ಇದ್ದರೂ ಪ್ಲಾಸ್ಟಿಕ್ ನಮ್ಮ ಮನೆಯೊಳಗೆ ಬಂದದ್ದು ನೀರಿನ ದಾರಿಯಿಂದಲೇ. ಬೆಳಗ್ಗೆ ಹನ್ನೊಂದಕ್ಕೆ ನಮ್ಮವರ ದೊಡ್ಡಪ್ಪ ತಮ್ಮ ಕಾರಿನ ಡಿಕ್ಕಿಯಿಂದ 200 ಮಿಲಿಯ ಬಾಟಲಿಗಳ ಎಂಟು ಕೇಸುಗಳನ್ನು ಇಳಿಸಿ, "ಬಂದವರಿಗೆ ಬಾಟಲಿ ನೀರು ಕೊಡೋಕೂ ಗತಿಯಿಲ್ಲ ಅನ್ನಿಸ್ಕೊಳ್ಳೋದು ಬೇಡ ಮಾರಾಯ್ತಿ, ಇದು ನನ್ನ ಲೆಕ್ಕ" ಎಂದರು. ಹಿರಿಯರು, ಅದೂ ಮಾವನವರ ಶಾಂತಿಯ ದಿನ, ಬೇಡವೆನ್ನಲು ನನ್ನಿಂದಾಗಲಿಲ್ಲ. ಊಟದ ಎಲೆಯ ಬಲಕ್ಕೆ ಸ್ಟೀಲ್ ಲೋಟವೂ ಅದರ ಪಕ್ಕದಲ್ಲಿ ಬಾಟಲಿಯೂ ಕುಳಿತವು. ಅರ್ಧ ಕುಡಿದು ಬಿಟ್ಟ ಬಾಟಲಿಗಳನ್ನು ಸಂಜೆ ಬಾಳೆಯ ಬುಡಕ್ಕೆ ಬಗ್ಗಿಸುವುದೇ ಮಕ್ಕಳಿಗೊಂದು ಕೆಲಸವಾಯಿತು.

ದೊಡ್ಡಪ್ಪನವರ ಬಾಟಲಿಯನ್ನು ಕಾನೂನು ಕೂಡ ತಡೆಯುವುದಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿಯೇ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸು, ಬ್ಯಾನರುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2021ರ ಆಗಸ್ಟ್ 12ರಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಿದ್ದುಪಡಿ ತಂದು, 2022ರ ಜುಲೈ 1ರಿಂದ ದೇಶಾದ್ಯಂತ ತಟ್ಟೆ, ಲೋಟ, ಚಮಚ, ಫೋರ್ಕು, ಸ್ಟ್ರಾ, ಸಿಹಿತಿಂಡಿಯ ಡಬ್ಬಿಗೆ ಮತ್ತು ಆಮಂತ್ರಣ ಪತ್ರಿಕೆಗೆ ಸುತ್ತುವ ಹಾಳೆ, ಐಸ್‌ಕ್ರೀಮಿನ ಕಡ್ಡಿ, ಅಲಂಕಾರದ ಥರ್ಮೊಕೋಲು ಮುಂತಾದವುಗಳನ್ನು ನಿಲ್ಲಿಸಿತು. ಈ ಪಟ್ಟಿಯಲ್ಲಿ ನೀರಿನ ಬಾಟಲಿ ಇಲ್ಲ. 2025ರ ಅಕ್ಟೋಬರಿನಲ್ಲಿ ಸರ್ಕಾರಿ ಕಚೇರಿ ಮತ್ತು ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಬಳಸಬಾರದೆಂದು ಮುಖ್ಯಮಂತ್ರಿಗಳು ಸೂಚನೆ ಕೊಟ್ಟರಾದರೂ ಅದು ಮನೆಯ ಅಂಗಳದವರೆಗೆ ಬರುವಂತಹದಲ್ಲ. ಪೇಪರ್ ಲೋಟವೂ ಹೀಗೆಯೇ ಕಾಗದವೆಂಬ ಹೆಸರಿನಲ್ಲಿ ನುಣುಚಿಕೊಂಡಿದೆ. ಕಾಗದ ನೀರು ಹಿಡಿಯುವುದಿಲ್ಲ, ಹಿಡಿಯುವುದು ಅದರ ಒಳಮೈಗೆ ಅಂಟಿಸಿದ ಪ್ಲಾಸ್ಟಿಕ್ಕಿನ ಪದರ. ಅಂತಹ ಲೋಟದಲ್ಲಿ 100 ಮಿಲಿ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಬಿಡುತ್ತವೆಂದು ಖರಗ್‌ಪುರದ ಐಐಟಿಯ ಅಧ್ಯಯನ ಕಂಡುಕೊಂಡಿತ್ತು. ನಮ್ಮ ಮನೆಯ ಸಂಜೆಯ ಚಹಾ ಸ್ಟೀಲ್ ಲೋಟದಲ್ಲಿ ನಡೆಯಿತು, ಕೈ ಸುಡುತ್ತದೆಂದು ದೂರಿದವರಿಗೆ ಬಟ್ಟಲಿನಲ್ಲಿ ಲೋಟವಿಟ್ಟು ಕೊಟ್ಟೆವು. ಭಂಡಾರದವರು ಇನ್ನೂ 300 ಸಣ್ಣ ಚಹಾ ಲೋಟಗಳನ್ನು ಇಟ್ಟುಕೊಂಡರೆ ಒಳ್ಳೆಯದು. ನೀರಿನ ದೊಡ್ಡ ಲೋಟದಲ್ಲಿ ತಳಕ್ಕೆ ಎರಡು ಗುಟುಕು ಚಹಾ ಹಾಕಿಕೊಡುವುದು ಜಿಪುಣತನದಂತೆ ಕಾಣುತ್ತದೆ.

ಇದೇ ಮಳಿಗೆಯಲ್ಲಿ ಸಂಘದವರು ಹಳೆಯ ಸೀರೆಗಳಿಂದ ಹೊಲಿದ ತಾಂಬೂಲದ ಚೀಲಗಳನ್ನೂ ಮಾರುತ್ತಾರೆ, ಒಂದಕ್ಕೆ 12 ರೂಪಾಯಿ. ನಾವು 150 ಕೊಂಡೆವು. ಪೇಟೆಯಲ್ಲಿ ತಾಂಬೂಲಕ್ಕೆಂದು ಎಲ್ಲರೂ ಕೊಳ್ಳುವ, ದೇವರ ಚಿತ್ರ ಅಚ್ಚಾದ ನಾನ್ ವೋವನ್ ಚೀಲವನ್ನು ಬಹಳ ಜನ ಬಟ್ಟೆಯೆಂದೇ ನಂಬಿದ್ದಾರೆ. ಅದರ ಒಂದು ಎಳೆಯನ್ನು ಕಿತ್ತು ದೀಪಕ್ಕೆ ಹಿಡಿದು ನೋಡಬೇಕು: ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಇದು ಸುರುಟಿಕೊಂಡು ತುದಿಯಲ್ಲಿ ಗಟ್ಟಿಯಾದ ಮಣಿಯಾಗುತ್ತದೆ. ಅದೂ ಪ್ಲಾಸ್ಟಿಕ್ಕೇ, ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಗುವಂತಹದನ್ನು ನಿಯಮಗಳು ನಿಷೇಧಿಸಿವೆ, ಆದರೆ ಚೀಲವನ್ನು ತೂಗಿ ನೋಡುವವರು ಯಾರು. ಸೀರೆಯ ಚೀಲ ನೋಡಲು ಚೆಂದ, ಒಂದರಂತೆ ಒಂದಿಲ್ಲ, ಹೆಂಗಸರು ಬಣ್ಣ ಆರಿಸಿಕೊಂಡು ತೆಗೆದುಕೊಂಡರು. ಹೊಲಿಗೆಯ ವಿಷಯದಲ್ಲಿ ಮಾತ್ರ ಸಮಾಧಾನವಿಲ್ಲ. ಹಿಡಿಕೆಯನ್ನು ಒಂದೇ ಸಾಲು ಹೊಲಿಗೆಯಲ್ಲಿ ಅಂಟಿಸಿದ್ದರಿಂದ, ಸುಲಿಯದ ತೆಂಗಿನಕಾಯಿಯೂ ರವಿಕೆಯ ಕಣವೂ ಎರಡು ಬಾಳೆಹಣ್ಣೂ ಸೇರಿದ ಭಾರಕ್ಕೆ ಹನ್ನೊಂದು ಚೀಲಗಳ ಹಿಡಿಕೆ ಕಿತ್ತುಬಂತು. ಒಂದು ಕಾಯಿ ನಮ್ಮ ಪುರೋಹಿತರ ಕಾಲಿನ ಮೇಲೆಯೇ ಬಿತ್ತು. ಸುಲಿದ ಕಾಯಿ ಕೊಡಬಹುದಿತ್ತಲ್ಲ ಎಂದರೆ ಒಪ್ಪುತ್ತೇನೆ, ಆದರೆ ತಾಂಬೂಲದ ಚೀಲವೆಂದು ಮಾರುವವರು ಅದರೊಳಗೆ ಕಾಯಿ ಬೀಳುತ್ತದೆಂದು ತಿಳಿದೇ ಹೊಲಿಯಬೇಕು.

ಅಡಿಕೆ ಹಾಳೆಯ ತಟ್ಟೆ ಇರುವಾಗ ಈ ಸ್ಟೀಲಿನ ಗೊಡವೆ ಏಕೆ ಎಂದು ಹಲವರು ಕೇಳಿದರು. ನಮ್ಮದೇ ತೋಟದಲ್ಲಿ ಬಿದ್ದ ಹಾಳೆ, ನಮ್ಮದೇ ತಾಲ್ಲೂಕಿನ ಯಂತ್ರದಲ್ಲಿ ಬಿಸಿಯಾಗಿ ಒತ್ತಿಸಿಕೊಂಡು ತಟ್ಟೆಯಾಗಿ ಬರುತ್ತದೆ, ಅದರ ಬಗ್ಗೆ ನನಗೆ ಅಭಿಮಾನವೇ ಇದೆ. ಸಂಜೆಯ ಅಂಬೊಡೆಗೆ ನಾವು ಬಳಸಿದ್ದೂ ಅದನ್ನೇ. ಆದರೆ ಅದೂ ಒಮ್ಮೆ ಬಳಸಿ ಎಸೆಯುವ ವಸ್ತು, ದೊಡ್ಡ ತಟ್ಟೆಯ ಬೆಲೆ ಸ್ಟೀಲ್ ಸೆಟ್ಟಿನ ಬಾಡಿಗೆಯನ್ನು ದಾಟುತ್ತದೆ, ಮತ್ತು ಅಂಗಡಿಗೆ ಬರುವಾಗ ಇಪ್ಪತ್ತೈದು ತಟ್ಟೆಗೊಂದರಂತೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿಕೊಂಡೇ ಬರುತ್ತದೆ. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳೆಂಬ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಈ ತಟ್ಟೆಗಳ ವಿರುದ್ಧ ನಿಂತ ಮೇಲೆ ನಮ್ಮ ಕಡೆಯ ತಯಾರಕರು ಚಿಂತೆಗೆ ಬಿದ್ದಿದ್ದಾರೆ. ಅಜ್ಜಂದಿರ ಕಾಲದಿಂದ ಹಾಳೆಯ ಮೇಲೆ ಉಂಡ ನಮಗೆ ಅದು ನಗುವಿನ ಮಾತಾಗಿ ಕಾಣಬಹುದು, ಸಾಲ ಮಾಡಿ ಯಂತ್ರ ಹಾಕಿದವರಿಗೆ ನಗು ಬರುವುದಿಲ್ಲ.

ಠೇವಣಿ ಹಿಂದಿರುಗಿ ಬರುವುದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಬಾಡಿಗೆಯನ್ನು ಸಂಘದವರು ಮಳಿಗೆಯಲ್ಲಿಯೇ ಫೋನಿನ ಮೂಲಕ ತೆಗೆದುಕೊಳ್ಳುತ್ತಾರೆ, ಠೇವಣಿಯನ್ನು ಮಾತ್ರ ಕಚೇರಿಯಲ್ಲಿ ಚಲನ್ ಬರೆಸಿ ಕಟ್ಟಬೇಕು, ಹಿಂದಕ್ಕೆ ಪಡೆಯಲು ಪಾತ್ರೆ ಸರಿಯಾಗಿ ಬಂದಿದೆಯೆಂಬ ಚೀಟಿಯನ್ನು ಮತ್ತೆ ಕಚೇರಿಗೆ ಒಯ್ಯಬೇಕು. ನಾನು ನಾಲ್ಕು ಸಲ ಹೋದೆ. ಒಮ್ಮೆ ಸಹಿ ಮಾಡುವವರು ರಜೆಯಲ್ಲಿದ್ದರು, ಒಮ್ಮೆ ಚೀಟಿಯಲ್ಲಿ ದಂಡದ 75 ರೂಪಾಯಿಯನ್ನು ಅಕ್ಷರದಲ್ಲಿ ಬರೆದಿರಲಿಲ್ಲ. ಬಿಸಾಡುವ ತಟ್ಟೆಯ ಅಂಗಡಿಯಲ್ಲಿ ಹಣ ಕೊಟ್ಟರೆ ವ್ಯವಹಾರ ಅಲ್ಲಿಗೆ ಮುಗಿಯುತ್ತದೆ ಎಂಬುದನ್ನು ಈ ಚಲನ್ನಿನ ಪದ್ಧತಿ ಮಾಡಿದವರು ನೆನಪಿಟ್ಟುಕೊಳ್ಳಬೇಕು. 3,000 ರೂಪಾಯಿಗಾಗಿ ಅಲೆದವರು ಮುಂದಿನ ಸಲ ಆ ಅಂಗಡಿಗೇ ಹೋಗುತ್ತಾರೆ.

ಇಂತಹ ಏರ್ಪಾಡು ನಮ್ಮ ಊರಿನದೇ ಹೊಸ ಕಲ್ಪನೆಯೇನಲ್ಲ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಪ್ಲೇಟ್ ಬ್ಯಾಂಕ್ ಎಂಬ ಹೆಸರಿನಲ್ಲಿ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಕೊಡುತ್ತ ಬಂದಿದೆ, ಕೇರಳ 2015ರ ರಾಷ್ಟ್ರೀಯ ಕ್ರೀಡಾಕೂಟವನ್ನು ಹಸಿರು ಶಿಷ್ಟಾಚಾರದಲ್ಲಿ ನಡೆಸಿದಾಗಲೂ ಬಿಸಾಡುವ ತಟ್ಟೆ ಲೋಟಗಳಿಗೆ ಬದಲಾಗಿ ತೊಳೆದು ಬಳಸುವ ಪಾತ್ರೆಗಳನ್ನೇ ನೆಚ್ಚಿಕೊಂಡಿತ್ತು. ದೊಡ್ಡ ಸಂಸ್ಥೆ ಅಥವಾ ಒಂದು ರಾಜ್ಯವೇ ಬೆನ್ನಿಗಿದ್ದಾಗ ನಡೆಯುವಂತಹದನ್ನು ಸಣ್ಣ ಪುರಸಭೆಯೊಂದು ಎರಡು ಮಳಿಗೆ ಮತ್ತು ಒಂದು ಸ್ವಸಹಾಯ ಸಂಘವನ್ನು ನಂಬಿ ಮಾಡುತ್ತಿದೆಯೆಂಬುದಕ್ಕೆ ನಾನು ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ: ಪಾತ್ರೆಯ ಗುಣಮಟ್ಟಕ್ಕೆ ಹತ್ತಕ್ಕೆ ಒಂಬತ್ತು, ತೊಳೆಯುವವರಿಗೆ ಹತ್ತಕ್ಕೆ ಹತ್ತು, ಒಣಗಿಸಿ ಇಡುವುದಕ್ಕೆ ನಾಲ್ಕು, ಕಚೇರಿಯ ಕಿಟಕಿಗೆ ಎರಡು. ಶಾಂತಿಯ ಮರುದಿನ ನಮ್ಮ ಮನೆಯಿಂದ ಕಸದ ಆಟೊಗೆ ಹೋದ ಒಣಕಸ ಒಂದೂವರೆ ಚೀಲ, ಅದರಲ್ಲಿ ಒಂದು ಚೀಲ ದೊಡ್ಡಪ್ಪನವರ ಬಾಟಲಿಗಳದೇ. ಬಾಳೆಲೆಯೂ ಎಂಜಲೂ ಗೊಬ್ಬರದ ಗುಂಡಿಗೆ ಹೋದವು.

ಮಾರ್ಗಶಿರದಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥವಿದೆ. ಅದಕ್ಕೂ ಪಾತ್ರೆ ಬೇಕೆಂದು ಕಳೆದ ವಾರ ಮಳಿಗೆಗೆ ಹೋಗಿದ್ದೆ. ಕಂಬಿಯ ಸ್ಟ್ಯಾಂಡು ಬಂದಿದೆ, ಒಂದೇ ಒಂದು, ಅದರ ಮೇಲೆ ತಟ್ಟೆಗಳು ಸಾಲಾಗಿ ನಿಂತಿದ್ದವು. ನಮಗೆ ಬೇಕಾದ ತಾರೀಕಿಗೆ 200 ಸೆಟ್ಟುಗಳು ಖಾಲಿ ಇವೆ. ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ತೊಳೆಯುವವರ ಕಾಲಮ್ಮಿಗೆ ಬಂದಾಗ ಪೆನ್ನನ್ನು ನಿಲ್ಲಿಸಿ, ಮೂವರೂ ಅಡಿಕೆ ಸುಲಿಯಲು ಹೋಗುತ್ತಿದ್ದಾರೆ, ಸಂಕ್ರಾಂತಿಯವರೆಗೆ ಬರುವುದಿಲ್ಲ ಎಂದಳು. "ನೀವೇ ತೊಳ್ಕೊಳ್ಳೋದಾದ್ರೆ ನಾಲ್ಕು ರೂಪಾಯಿ ಅಂತ ಬರೀತೀನಿ ಆಂಟಿ." ಬರೆಸಿ ಬಂದಿದ್ದೇನೆ. ನಾದಿನಿಗೆ ಇನ್ನೂ ಹೇಳಿಲ್ಲ.